ದೆವ್ವವನ್ನು ಮಾಡಿದವರಾರು?

ರಾತ್ರಿ ಹನ್ನೊಂದಕ್ಕೆ ಒಲೆಯಾರಿದ ಮೇಲೆ ನಮ್ಮ ಹೋಟೆಲಿನ ಮಾಣಿಗಳು ಮೊಬೈಲಿನಲ್ಲಿ ದೆವ್ವದ ಚಿತ್ರಗಳನ್ನು ನೋಡುವುದುಂಟು. ಮೊನ್ನೆ ಅವರಲ್ಲೊಬ್ಬನು, "ಫ್ರಾಂಕೆನ್‌ಸ್ಟೈನ್ ಎಂದರೆ ಆ ದೆವ್ವವೇ ಅಲ್ಲವೇ, ಧಣಿ?" ಎಂದು ಕೇಳಿದನು. ಅಲ್ಲ. ಅದು ದೆವ್ವವನ್ನು ಮಾಡಿದಾತನ ಹೆಸರು. ದೆವ್ವಕ್ಕೆ ಹೆಸರೇ ಇಲ್ಲ; ಹೆಸರಿಡುವಷ್ಟು ಹೊತ್ತು ಕೂಡ ಆತನು ಅದರ ಬಳಿ ನಿಲ್ಲಲಿಲ್ಲ.

ಮೇರಿ ಶೆಲ್ಲಿಯು 1816ರಲ್ಲಿ ಜಿನೀವಾ ಸರೋವರದ ದಡದಲ್ಲಿ ಈ ಕಾದಂಬರಿಯನ್ನು ಬರೆಯತೊಡಗಿದಾಗ ಆಕೆಗೆ ಹದಿನೆಂಟು ವರ್ಷ. 1818ರಲ್ಲಿ ಲಂಡನ್ನಿನಲ್ಲಿ ಅದು ಅಚ್ಚಾದಾಗ ಪುಸ್ತಕದ ಮೇಲೆ ಆಕೆಯ ಹೆಸರಿರಲಿಲ್ಲ. ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎಂಬ ವಿದ್ಯಾರ್ಥಿಯು ಶವದ ಭಾಗಗಳನ್ನು ಕೂಡಿಸಿ ಜೀವ ತುಂಬುತ್ತಾನೆ. ಅದು ಕಣ್ತೆರೆದೊಡನೆ ಹೆದರಿ ಓಡುತ್ತಾನೆ. ಅನಾಥವಾದ ಆ ಪ್ರಾಣಿಯು ಒಂದು ಬಡ ಸಂಸಾರದ ಗುಡಿಸಲಿನ ಪಕ್ಕದಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ಅವರ ಮಾತುಗಳನ್ನು ಆಲಿಸಿ ಭಾಷೆಯನ್ನು ಕಲಿಯುತ್ತದೆ. (ನಮ್ಮವರು ಬಂಗಾಳಿಯನ್ನು ಕಲಿಯುವುದೂ ಅಡಿಗೆಮನೆಯ ಕಿಂಡಿಯಿಂದಲೇ ಅಲ್ಲವೇ?) ಅವರಿಗಾಗಿ ರಾತ್ರಿಯಲ್ಲಿ ಕಟ್ಟಿಗೆ ತಂದಿಡುತ್ತದೆ. ಒಂದು ದಿನ ಧೈರ್ಯ ತಂದುಕೊಂಡು ಒಳಗೆ ಹೋದರೆ ಕುರುಡ ಮುದುಕನು ಆದರದಿಂದ ಮಾತನಾಡಿಸುತ್ತಾನೆ. ಕಣ್ಣುಳ್ಳ ಮಗನು ಬಂದು ದೊಣ್ಣೆಯಿಂದ ಹೊಡೆಯುತ್ತಾನೆ. ಕೊಲೆಗಳು ಆಮೇಲಿನವು. ಅವನ್ನು ನಾವು ಸಮರ್ಥಿಸುವವರಲ್ಲ. ಸತ್ತವರಲ್ಲಿ ಏನೂ ಅರಿಯದ ಬಾಲಕನೂ ಇದ್ದನು.

ಬಹು ದೂರ ಹೋಗಬೇಕಾಗಿಲ್ಲ. ಇದೇ ಕಲ್ಕತ್ತೆಯ ಜೋಡಾಸಾಂಕೋದಲ್ಲಿ ಹುಟ್ಟಿದ ರವೀಂದ್ರನಾಥ ಠಾಕೂರರು 1892ರಲ್ಲಿ 'ಜೀವಿತ ಓ ಮೃತ' ಎಂಬ ಕಥೆಯನ್ನು ಬರೆದರು. ಜಮೀನ್ದಾರರ ಮನೆಯ ವಿಧವೆ ಕಾದಂಬಿನಿಯು ಸತ್ತಳೆಂದು ಬಗೆದು ಅವಳನ್ನು ಮಳೆಯ ರಾತ್ರಿಯಲ್ಲಿ ಸ್ಮಶಾನಕ್ಕೆ ಒಯ್ಯುತ್ತಾರೆ. ಅವಳು ಎಚ್ಚೆತ್ತು ಏಳುತ್ತಾಳೆ. ಗೆಳತಿಯ ಮನೆಯಲ್ಲಿ ನೆಲೆಯಿಲ್ಲ, ತನ್ನ ಮನೆಯಲ್ಲಿಯೂ ಇಲ್ಲ. ಅವಳು ಸಾಕಿದ ಮಗುವೊಂದೇ ಅವಳನ್ನು ಕಂಡು ಹೆದರುವುದಿಲ್ಲ. ತಾನು ಬದುಕಿದ್ದೇನೆಂದು ಕೂಗಿ ಹೇಳಿದರೂ ಯಾರೂ ನಂಬದೆ ಕೊನೆಗೆ ಅವಳು ನೀರಿಗೆ ಬೀಳುತ್ತಾಳೆ. ದೆವ್ವವೇ ಇಲ್ಲದ ದೆವ್ವದ ಕಥೆ ಇದು. ನಮ್ಮ ಮಟ್ಟಿಗೆ ಫ್ರಾಂಕೆನ್‌ಸ್ಟೈನನ ಕಥೆಗಿಂತಲೂ ಇದೇ ಭಯಂಕರ.

ಆದರೂ ನಮ್ಮ ನಿದ್ದೆ ಕೆಡಿಸುವುದು ಮೇರಿ ಶೆಲ್ಲಿಯ ಒಂದು ಸಣ್ಣ ಪಾತ್ರ: ಜಸ್ಟೀನ್ ಎಂಬ ಮನೆಗೆಲಸದ ಹುಡುಗಿ. ಆ ಬಾಲಕನ ಕೊಲೆಯ ಆರೋಪವು ಅವಳ ಮೇಲೆ ಬರುತ್ತದೆ. ಬಾಲಕನ ಪದಕವು ಅವಳ ಜೇಬಿನಲ್ಲಿ ದೊರೆತಿತ್ತು, ಅದೇ ಮುಖ್ಯ ಸಾಕ್ಷ್ಯ. ಅವಳು ನಿರಪರಾಧಿಯೆಂದು ವಿಕ್ಟರನಿಗೆ ತಿಳಿದಿದೆ. ನ್ಯಾಯಾಲಯದಲ್ಲಿ ಕುಳಿತಿರುತ್ತಾನೆ, ನಿಜವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹುಡುಗಿಯನ್ನು ಗಲ್ಲಿಗೇರಿಸುತ್ತಾರೆ.

ಹದಿನೈದು ವರ್ಷಗಳ ಹಿಂದೆ ನಾವು ಕುಂದಾಪುರದ ಕಡೆಯಿಂದ ಹತ್ತೊಂಬತ್ತರ ಹುಡುಗನೊಬ್ಬನನ್ನು ಕೆಲಸಕ್ಕೆ ಕರೆತಂದಿದ್ದೆವು. "ನಿಮ್ಮ ಕೈಗೆ ಒಪ್ಪಿಸಿದ್ದೇನೆ" ಎಂದಿದ್ದರು ಅವನ ತಾಯಿ. ಒಂದು ಸಂಜೆ ಗಲ್ಲದಲ್ಲಿ ನಾಲ್ಕು ಸಾವಿರ ರೂಪಾಯಿ ಕಡಿಮೆ ಬಂದಿತು. ಹೊಸಬನು ಅವನೊಬ್ಬನೇ. "ನಾನಲ್ಲ, ಧಣಿ" ಎಂದು ಎರಡು ಸಲ ಹೇಳಿದನು; ಮೂರನೆಯ ಸಲ ಹೇಳಲಿಲ್ಲ. ರೈಲಿನ ಖರ್ಚು ಕೊಟ್ಟು ಅದೇ ರಾತ್ರಿ ಹೊರಡಿಸಿದೆವು. ಇದನ್ನು ಆಗ ದೊಡ್ಡ ಔದಾರ್ಯವೆಂದೇ ಎಣಿಸಿದ್ದೆವು.

ಒಂಬತ್ತು ದಿನಗಳ ಮೇಲೆ ಆ ಹಣವು ಮೇಜಿನ ಸೆಳೆಗಂಡಿಯ ಹಿಂದೆ, ನಾವೇ ಕಟ್ಟಿಟ್ಟಿದ್ದ ಕಾಗದದಲ್ಲಿ ಸಿಕ್ಕಿತು. ಯಾರಿಗೂ ಹೇಳಲಿಲ್ಲ. ಊರಿಗೆ ವಿಚಾರಿಸಬೇಕೆಂದುಕೊಂಡೆವು, ಇಂದು ನಾಳೆ ಎಂದು ಮುಂದೂಡಿದೆವು.

ದೀಪಾವಳಿಯ ಮುನ್ನಾದಿನ ಅವನ ತಾಯಿಯೇ ಫೋನು ಮಾಡಿದರು. ಮಗನು ಕ್ಷೇಮವೇ, ಈ ಸಲ ಹಬ್ಬಕ್ಕೆ ರಜೆ ಕೊಡುವಿರಾ ಎಂದು ಕೇಳಿದರು.