ಸಾವಿರ ಮೆಟ್ಟಿಲಿಗೆ ಒಂದು ತುಂಡು ಮೈಸೂರುಪಾಕು

ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು. ಎಣಿಸಿದವರಲ್ಲಿ ಕೆಲವರು ಸಾವಿರದ ಎಂಟು ಎನ್ನುತ್ತಾರೆ, ಮಿಕ್ಕವರಿಗೆ ನಡುವೆಯೇ ಎಲ್ಲೋ ಲೆಕ್ಕ ತಪ್ಪುತ್ತದೆ. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಈ ಮೆಟ್ಟಿಲುಗಳ ಮೇಲೆ ನಸುಕು ಹರಿಯುವ ಮೊದಲೇ ಜನ ಇರುತ್ತಾರೆ. ಒಂದೊಂದಕ್ಕೂ ಅರಿಸಿನ ಕುಂಕುಮ ಹಚ್ಚುತ್ತ ಬಗ್ಗಿ ಬಗ್ಗಿ ಏರುವ ಹರಕೆಯ ಹೆಂಗಸರು, ಕೈಗಡಿಯಾರದ ಮೇಲೆ ಕಣ್ಣಿಟ್ಟು ಓಡುವ ಹುಡುಗರು, ಡಾಕ್ಟರ ಒತ್ತಾಯಕ್ಕೆ ಬರತೊಡಗಿ ಈಗ ಯಾರು ಬೇಡವೆಂದರೂ ಬಿಡದ ನಿವೃತ್ತರು. ಮುಕ್ಕಾಲು ಪಾಲು ಮುಗಿಸಿ ದೊಡ್ಡ ನಂದಿಯ ಎದುರು ನಿಂತು ಏದುಸಿರು ಬಿಡುವಾಗ ಬಹಳಷ್ಟು ಜನರ ಬಾಯಲ್ಲಿ ಬರುವುದು ಒಂದೇ ಮಾತು: ‘ಇವತ್ತು ಚೆನ್ನಾಗಿ ಕರಗಿತು.’

ಎಷ್ಟು ಕರಗಿತು ಎಂದು ಲೆಕ್ಕ ಹಾಕಬಹುದು. 60 ಕಿಲೋ ತೂಗುವ ಒಬ್ಬರು ಸುಮಾರು 250 ಮೀಟರ್ ಮೇಲೇರಿದರು ಎಂದಿಟ್ಟುಕೊಳ್ಳಿ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ, ಹೈಸ್ಕೂಲಿನ ಸೂತ್ರದಂತೆ, ಬರೀ 35 ಕ್ಯಾಲರಿ. (ಬಿಸ್ಕತ್ತಿನ ಪೊಟ್ಟಣದ ಮೇಲೆ ಅಚ್ಚಾಗಿರುತ್ತದಲ್ಲ, ಆ ಕ್ಯಾಲರಿ.) ಆದರೆ ನಮ್ಮ ಸ್ನಾಯುಗಳು ಉರಿಸಿದ್ದರಲ್ಲಿ ಹೆಚ್ಚೆಂದರೆ ಕಾಲು ಭಾಗ ಕೆಲಸಕ್ಕೆ ಬರುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ, ಬೆವರುವುದು ಅದಕ್ಕೇ. ಹಾಗಾಗಿ ಒಟ್ಟು ಖರ್ಚು 150ರ ಸುತ್ತಮುತ್ತ. ಬೆಟ್ಟ ಇಳಿದು ಪೇಟೆಗೆ ಬಂದು, ತುಪ್ಪ ಜಿನುಗುವ ಮೈಸೂರುಪಾಕಿನ 40 ಗ್ರಾಂ ತುಂಡೊಂದನ್ನು ಬಾಯಿಗೆ ಹಾಕಿಕೊಂಡರೆ ಒಳಗೆ ಹೋಗುವುದು 200ರ ಆಸುಪಾಸು. ಸಾವಿರ ಮೆಟ್ಟಿಲು ಒಂದು ತುಂಡಿಗೆ ಸಾಟಿಯಾಗಲಿಲ್ಲ. ಮೈಯ ಕೊಬ್ಬು ಒಂದು ಕಿಲೋ ಇಳಿಯಬೇಕಾದರೆ ಸುಮಾರು 7,700 ಕ್ಯಾಲರಿ ಖರ್ಚಾಗಬೇಕು. ಅಂದರೆ ಐವತ್ತು ಸಲ ಬೆಟ್ಟ ಹತ್ತಬೇಕು, ಅದೂ ಸಿಹಿಯ ಅಂಗಡಿಯ ಕಡೆ ತಿರುಗಿ ನೋಡದೆ.

ಈ ಲೆಕ್ಕ ಹೇಳಿದರೆ ಹೆಚ್ಚಿನವರ ಮುಖ ಬಾಡುತ್ತದೆ. ನನಗಂತೂ ಇದರಷ್ಟು ಬೆರಗಿನ ಲೆಕ್ಕ ಇನ್ನೊಂದಿಲ್ಲ. ಒಂದು ಇಡೀ ಮನುಷ್ಯದೇಹವನ್ನು, ಅದರ ಚಿಂತೆ, ನೀರಿನ ಬಾಟಲಿ, ಮೊಬೈಲು ಸಮೇತ, ಬೆಟ್ಟದ ನೆತ್ತಿಗೆ ಸಾಗಿಸಲು ಅಂಗೈಯಗಲದ ಸಿಹಿಯೂ ಪೂರ್ತಿ ಬೇಕಾಗದಂಥ ಯಂತ್ರ ಎಲ್ಲಿದೆ?

ಸಮತಟ್ಟು ನೆಲದಲ್ಲಿ ಈ ಜಿಪುಣತನ ಇನ್ನೂ ಹೆಚ್ಚು. ನಡೆಯುವಾಗ ನಾವು ಪ್ರತಿ ಹೆಜ್ಜೆಗೂ ಊರಿದ ಕಾಲಿನ ಮೇಲೆ ಸ್ವಲ್ಪ ಏರಿ, ಮುಂದಕ್ಕೆ ಬಾಗಿ ಇಳಿಯುತ್ತೇವೆ. ಏರುವಾಗ ಕೂಡಿಟ್ಟ ಶಕ್ತಿ ಇಳಿಯುವಾಗ ವೇಗವಾಗಿ ವಾಪಸು ಬರುತ್ತದೆ. ಹದವಾದ ನಡಿಗೆಯಲ್ಲಿ ಹೀಗೆ ಮರಳಿ ಸಿಗುವುದು ಶೇಕಡ 60ಕ್ಕೂ ಹೆಚ್ಚು. 60 ಕಿಲೋ ತೂಕದವರು ಒಂದು ಕಿಲೋಮೀಟರ್ ನಡೆದರೆ ಧಾರಾಳವಾಗಿ ಹಿಡಿದರೂ 50 ಕ್ಯಾಲರಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವುದು ಸುಮಾರು 8,000 ಕ್ಯಾಲರಿ. ಪೆಟ್ರೋಲು ಕುಡಿಯುವಂತಿಲ್ಲ ನಿಜ, ಆದರೆ ಅಷ್ಟೇ ಶಕ್ತಿಯ ಊಟ ಮಾಡಿದರೆ ನಡೆದು ಹೋಗಬಹುದಾದ ದೂರ 160 ಕಿಲೋಮೀಟರ್. ಬೆಂಗಳೂರಿನಿಂದ ಹೊರಟರೆ ಮೈಸೂರು ತಲುಪಿ, ಚಾಮುಂಡಿ ಬೆಟ್ಟವನ್ನೂ ಹತ್ತಿ, ಇನ್ನೂ ಸ್ವಲ್ಪ ಮಿಗುತ್ತದೆ. ಸೈಕಲ್ ತುಳಿದರೆ ಇದರ ಎರಡರಷ್ಟು. ಒಬ್ಬನೇ ಕೂರುವ ಸ್ಕೂಟರು ಲೀಟರಿಗೆ ಐವತ್ತು ಕೊಟ್ಟರೆ ನಾವು ಊರೆಲ್ಲ ಹೇಳಿಕೊಂಡು ಬರುತ್ತೇವೆ.

ದಿನಕ್ಕೆ 5,000 ಹೆಜ್ಜೆ ದೊಡ್ಡ ಸಾಧನೆಯೇನಲ್ಲ. ಅಡುಗೆಮನೆಗೂ ಹಿತ್ತಲಿಗೂ ಓಡಾಡುವ ಗೃಹಿಣಿ ಹೆಸರಿಲ್ಲದೆ ನಡೆದುಬಿಡುವಷ್ಟು. ಅರುವತ್ತು ವರ್ಷ ಹಾಗೆ ನಡೆದರೆ ಹನ್ನೊಂದು ಕೋಟಿ ಹೆಜ್ಜೆಗಳ ಹತ್ತಿರ ಬರುತ್ತದೆ. ಹೆಜ್ಜೆಗೆ 70 ಸೆಂಟಿಮೀಟರ್ ಹಿಡಿದರೂ 76,000 ಕಿಲೋಮೀಟರ್ ದಾಟಿತು. ಭೂಮಿಯ ಸುತ್ತಳತೆ 40,075. ಪಾಸ್‌ಪೋರ್ಟೇ ಇಲ್ಲದವರೂ ಭೂಮಿಯನ್ನು ಎರಡು ಸುತ್ತು ಹಾಕುವುದರಲ್ಲಿದ್ದಾರೆ.

ಇಷ್ಟು ಕಡಿಮೆ ಖರ್ಚಿನ ಕೆಲಸಕ್ಕೆ ಒಳಗೆ ನಡೆಯುವ ಓಡಾಟ ಮಾತ್ರ ಸಣ್ಣದಲ್ಲ. ಬೆಟ್ಟದ ಬುಡದಲ್ಲಿ ಸುಮ್ಮನೆ ನಿಂತಿರುವಾಗ ಹೃದಯ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ತಳ್ಳುತ್ತದೆ. ಮೈಯಲ್ಲಿರುವ ಒಟ್ಟು ರಕ್ತವೇ ಹೆಚ್ಚುಕಡಿಮೆ ಅಷ್ಟು. ಅಂದರೆ ಇಡೀ ರಕ್ತ ನಿಮಿಷಕ್ಕೊಂದು ಸುತ್ತು, ದಿನಕ್ಕೆ ಏಳು ಸಾವಿರ ಲೀಟರ್. ಇನ್ನೂರನೇ ಮೆಟ್ಟಿಲಿನ ಹೊತ್ತಿಗೆ ಅದು ಹದಿನೈದು ಲೀಟರಿಗೆ ಏರಿರುತ್ತದೆ. ಹುರಿಯಾಳು ಓಟಗಾರರಲ್ಲಿ ಮೂವತ್ತೈದನ್ನೂ ಮುಟ್ಟುವುದುಂಟು. ಕೂತಿದ್ದಾಗ ಸ್ನಾಯುಗಳ ಪಾಲಿಗೆ ಐದರಲ್ಲೊಂದು ಭಾಗ ರಕ್ತ ಬರುತ್ತಿದ್ದರೆ, ಕಷ್ಟಪಟ್ಟು ಏರುವಾಗ ಐದರಲ್ಲಿ ನಾಲ್ಕು ಭಾಗ ಅತ್ತಲೇ ಹರಿಯುತ್ತದೆ. ಹೊಟ್ಟೆಗೆ, ಮೂತ್ರಪಿಂಡಕ್ಕೆ ಆಗ ಕಡಿತ. ಹೊಟ್ಟೆ ತುಂಬ ಇಡ್ಲಿ ತಿಂದು ಬೆಟ್ಟ ಹತ್ತಬೇಡಿ ಎನ್ನುವ ಅಜ್ಜಿಯರ ಮಾತಿಗೆ ಇದೇ ಆಧಾರ.

ಆ ರಕ್ತದಲ್ಲಿ ತೇಲುವ ಕೆಂಪು ಕಣಗಳು ಸುಮಾರು 25 ಲಕ್ಷ ಕೋಟಿ. ಒಂದೊಂದು ಕಣದೊಳಗೂ ಹಿಮೋಗ್ಲೋಬಿನ್ನಿನ 27 ಕೋಟಿ ಅಣುಗಳು, ಒಂದೊಂದು ಅಣುವಿಗೂ ನಾಲ್ಕು ಆಮ್ಲಜನಕದ ಸವಾರರು. ಒಂದು ಕಣ ತುಂಬಿ ಹೊರಟರೆ ನೂರು ಕೋಟಿಗೂ ಮೇಲೆ ಪ್ರಯಾಣಿಕರು. ಕಣಗಳ ಆಯಸ್ಸು 120 ದಿನ, ಹಳತು ಸತ್ತಂತೆ ಹೊಸತು ಬರಬೇಕು. ಮೂಳೆಯ ಮಜ್ಜೆ ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕಣಗಳನ್ನು ಹುಟ್ಟಿಸುತ್ತಲೇ ಇರುತ್ತದೆ. ಅರ್ಧ ಗಂಟೆಯಲ್ಲಿ ಬೆಟ್ಟ ಹತ್ತಿದರೆ ಮೇಲೆ ತಲುಪುವಷ್ಟರಲ್ಲಿ ನಿಮ್ಮೊಳಗೆ ಹೊಸದಾಗಿ ಬಂದವರ ಸಂಖ್ಯೆ 360 ಕೋಟಿ ದಾಟಿರುತ್ತದೆ. ಇದು ಭಾರತದ ಜನಸಂಖ್ಯೆಯ ಎರಡರಷ್ಟಕ್ಕೂ ಹೆಚ್ಚು. ಹತ್ತದೆ ಮನೆಯಲ್ಲೇ ಮಲಗಿದ್ದರೂ ಹುಟ್ಟುತ್ತಿದ್ದರು, ಆ ಮಾತು ಬೇರೆ.

ಆಮ್ಲಜನಕ ಹತ್ತುವ ನಿಲ್ದಾಣ ಶ್ವಾಸಕೋಶ. ಅದರಲ್ಲಿ ಮೂವತ್ತರಿಂದ ಐವತ್ತು ಕೋಟಿ ಪುಟ್ಟ ಗಾಳಿಚೀಲಗಳು. ಎಲ್ಲವನ್ನೂ ಬಿಡಿಸಿ ಹಾಸಿದರೆ ಏಳುನೂರು ಚದರಡಿ ಮೀರುತ್ತದೆ. ಇಪ್ಪತ್ತು ಬೈ ಮೂವತ್ತರ ಸೈಟಿಗೆ ಜೀವಮಾನವಿಡೀ ಕಂತು ಕಟ್ಟುವ ನಾವು, ಅದಕ್ಕಿಂತ ದೊಡ್ಡ ಸೈಟನ್ನು ಎದೆಯೊಳಗೆ ಮಡಿಸಿಟ್ಟುಕೊಂಡು ತಿರುಗುತ್ತಿದ್ದೇವೆ.

ಇಂಥ ಅಂಕಿಗಳನ್ನು ಹೇಳುವಾಗ ಸ್ವಲ್ಪ ಎಚ್ಚರವೂ ಬೇಕು. ದೇಹದ ರಕ್ತನಾಳಗಳನ್ನೆಲ್ಲ ಜೋಡಿಸಿದರೆ ಒಂದು ಲಕ್ಷ ಕಿಲೋಮೀಟರ್ ಎಂಬ ಮಾತು ಪಾಠಪುಸ್ತಕದಿಂದ ವಾಟ್ಸ್ಆ್ಯಪಿನವರೆಗೆ ಹರಿದಾಡುತ್ತದೆ. ಅದರ ಮೂಲ 1920ರಲ್ಲಿ ನೊಬೆಲ್ ಪಡೆದ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್. ಅವರು ಲೆಕ್ಕಕ್ಕೆ ಹಿಡಿದದ್ದು 50 ಕಿಲೋ ಬರೀ ಸ್ನಾಯುವೇ ಇರುವ ಮನುಷ್ಯನನ್ನು. ಗರಡಿಮನೆಯ ಜಟ್ಟಿಗಳಲ್ಲೂ ಅಂಥವರು ಅಪರೂಪ. ಈಚಿನ ಅಂದಾಜುಗಳು ಅದಕ್ಕಿಂತ ಬಹಳ ಕೆಳಗೆ ನಿಲ್ಲುತ್ತವೆ. ಹತ್ತು ಸಾವಿರ ಕಿಲೋಮೀಟರ್ ಆದರೂ ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಹೋಗಿ ಬಂದು ಮತ್ತೆ ಹೊರಡಬಹುದು. ಬೆರಗಿಗೆ ಅಷ್ಟು ಸಾಲದೇ?

ಇನ್ನು ಆ ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ? ಬೆವರಾಗಿ ಹೋಗುತ್ತದೆ ಎನ್ನುವವರು ಅನೇಕರು, ಬಿಸಿಯಾಗಿ ಆವಿಯಾಯಿತು ಎನ್ನುವವರು ಕೆಲವರು. ಆಸ್ಟ್ರೇಲಿಯಾದ ರೂಬೆನ್ ಮೀರ್‌ಮನ್ ಮತ್ತು ಆ್ಯಂಡ್ರೂ ಬ್ರೌನ್ 2014ರಲ್ಲಿ ಇದನ್ನು ಅಣು ಅಣುವಾಗಿ ಲೆಕ್ಕ ಹಾಕಿ ತೋರಿಸಿದರು. ಇದೇ ಪ್ರಶ್ನೆಯನ್ನು ಡಾಕ್ಟರು, ಆಹಾರತಜ್ಞರು, ವ್ಯಾಯಾಮ ಹೇಳಿಕೊಡುವವರ ಮುಂದಿಟ್ಟಾಗ ಬಹುಪಾಲು ಜನ ತಪ್ಪು ಉತ್ತರ ಕೊಟ್ಟಿದ್ದರು. ಹತ್ತು ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡಾಗಿ ಮೂಗು ಬಾಯಿಯಿಂದ ಹೊರಬೀಳುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ನಂದಿಯ ಎದುರು ನಿಂತು ಏದುಸಿರು ಬಿಡುವವರು ತಮ್ಮ ತೂಕವನ್ನೇ ಉಸಿರಾಡುತ್ತಿದ್ದಾರೆ. ಅಕ್ಕಪಕ್ಕದ ಮರಗಳು ಅದನ್ನು ಹೀರಿಕೊಂಡು ಎಲೆ ಚಿಗುರಿಸುತ್ತವೆ.

ತೂಕದ ಲೆಕ್ಕದಲ್ಲಿ ಬೆಟ್ಟ ಸೋಲುತ್ತದೆ ಎಂದಾಯಿತು. ಹಾಗಾದರೆ ಹತ್ತುವುದು ಯಾತಕ್ಕೆ? ಇದಕ್ಕೆ ಉತ್ತರ ಸಿಕ್ಕಿದ್ದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿ. ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಸಾರಿಗೆ ನೌಕರರಲ್ಲಿ 31,000 ಗಂಡಸರ ಹೃದಯದ ಕಾಯಿಲೆಯ ದಾಖಲೆ ನೋಡಿ 1953ರಲ್ಲಿ ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ಹೊಗೆ, ಹೆಚ್ಚುಕಡಿಮೆ ಒಂದೇ ಸಂಸಾರದ ಸ್ಥಿತಿ. ಆದರೆ ದಿನವಿಡೀ ಕೂತೇ ಇರುವ ಡ್ರೈವರುಗಳಿಗಿಂತ, ಟಿಕೆಟ್ಟಿಗಾಗಿ ಮೇಲೆ ಕೆಳಗೆ ಓಡಾಡುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು, ಒಮ್ಮೆಗೇ ಪ್ರಾಣ ತೆಗೆಯುವುದು ಕಡಿಮೆಯಿತ್ತು. ಅವರು ದಿನಕ್ಕೆ ಹತ್ತುತ್ತಿದ್ದ ಮೆಟ್ಟಿಲು 500ರಿಂದ 750. ಹೆಚ್ಚೆಂದರೆ ಚಾಮುಂಡಿ ಬೆಟ್ಟದ ನಂದಿಯವರೆಗೆ ಬರುವಷ್ಟು! ಮಾರಿಸ್ ಅಷ್ಟಕ್ಕೇ ತೃಪ್ತರಾಗದೆ ಆಮೇಲೆ ನೌಕರರ ಸಮವಸ್ತ್ರದ ಅಳತೆಯನ್ನೂ ತರಿಸಿ ನೋಡಿದರು. ಡ್ರೈವರುಗಳ ಸೊಂಟ ಮೊದಲಿನಿಂದಲೂ ಸ್ವಲ್ಪ ದಪ್ಪ ಎಂಬುದನ್ನು ಮುಚ್ಚಿಡದೆ ಹೇಳಿದರು. ದೇಹದ ಶ್ರಮಕ್ಕೂ ಹೃದಯಕ್ಕೂ ಇರುವ ಸಂಬಂಧ ಮುಂದಿನ ದಶಕಗಳ ಅಧ್ಯಯನಗಳಲ್ಲಿ ಗಟ್ಟಿಯಾಗುತ್ತಲೇ ಹೋಯಿತು.

ಹೃದಯಕ್ಕೆ ಇಂತಿಷ್ಟೇ ಬಡಿತ ಎಂದು ಬ್ರಹ್ಮ ಬರೆದಿರುತ್ತಾನೆ, ಓಡಾಡಿ ಖರ್ಚು ಮಾಡಬೇಡಿ ಎನ್ನುವವರನ್ನು ನಮ್ಮ ಕಡೆ ಈಗಲೂ ಕಾಣಬಹುದು. ಅವರ ಮಾತನ್ನೇ ಒಪ್ಪಿ ಕೂಡಿ ಕಳೆದು ನೋಡೋಣ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆದರೆ, ನಿಮಿಷಕ್ಕೆ 35 ಬಡಿತ ಹೆಚ್ಚು ಎಂದರೂ, ಖರ್ಚು ಸಾವಿರ ಚಿಲ್ಲರೆ. ಕೆಲವು ತಿಂಗಳ ಅಭ್ಯಾಸದಿಂದ ಸುಮ್ಮನಿರುವಾಗಿನ ಬಡಿತ ನಿಮಿಷಕ್ಕೆ ಐದು ಇಳಿದರೆ, ಉಳಿದ ಇಪ್ಪತ್ಮೂರೂವರೆ ಗಂಟೆಯಲ್ಲಿ ಉಳಿತಾಯ ಏಳು ಸಾವಿರ. ಇಷ್ಟು ಬಡ್ಡಿ ಕೊಡುವ ಚೀಟಿ ವ್ಯವಹಾರ ಕಂಡರೆ ಪೊಲೀಸರು ಬರುತ್ತಾರೆ.

ಹಾಗೆಂದು ಹತ್ತು ಸಾವಿರ ಹೆಜ್ಜೆಯ ಗೀಳಿಗೆ ಬೀಳುವುದೂ ಬೇಡ. ಊಟವಾದ ಮೇಲೆ ಮನೆಯ ಹಾಲಿನಲ್ಲಿ ಗಾಣದೆತ್ತಿನಂತೆ ಸುತ್ತಿ, ಫೋನು ‘ಗುರಿ ಮುಟ್ಟಿದಿರಿ’ ಎಂದ ಮೇಲೆಯೇ ಮಲಗುವವರು ಎಷ್ಟು ಮಂದಿ! ಆ ಸಂಖ್ಯೆ ಯಾವ ಆಸ್ಪತ್ರೆಯಲ್ಲೂ ಹುಟ್ಟಿದ್ದಲ್ಲ. ಟೋಕಿಯೋ ಒಲಿಂಪಿಕ್ಸಿನ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರು ಅದು. 2019ರಲ್ಲಿ ಐ-ಮಿನ್ ಲೀ ಮತ್ತು ಸಂಗಡಿಗರು ಅಮೆರಿಕದ 16,741 ಹಿರಿಯ ಮಹಿಳೆಯರನ್ನು (ಸರಾಸರಿ ವಯಸ್ಸು 72) ಗಮನಿಸಿದಾಗ, ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವು ಸ್ಪಷ್ಟವಾಗಿ ಕಡಿಮೆಯಿತ್ತು. 7,500ರ ನಂತರ ಲಾಭ ಅಲ್ಲಿಗೇ ನಿಂತಿತು.

ಮೆಟ್ಟಿಲಿನ ಹುಚ್ಚು ಹಿಡಿದವರಿಗೆ ಚಾಮುಂಡಿ ಬೆಟ್ಟ ಅಂಬೆಗಾಲು. ಕನ್ನಡಿಗರು ಗೋವಿಂದ ಗೋವಿಂದ ಎನ್ನುತ್ತ ಹತ್ತುವ ತಿರುಪತಿಯ ಅಲಿಪಿರಿ ದಾರಿಯಲ್ಲಿ 3,550. ಗುಜರಾತಿನ ಗಿರ್ನಾರಿನಲ್ಲಿ ಹತ್ತು ಸಾವಿರದ ಹತ್ತಿರ. ಸ್ವಿಟ್ಜರ್ಲೆಂಡಿನ ನೀಸನ್ ಪರ್ವತದ ರೈಲುಹಳಿಯ ಪಕ್ಕದಲ್ಲಿ 11,674, ಜಗತ್ತಿನಲ್ಲಿ ಅದೇ ಅತಿ ಉದ್ದ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ 1,576 ಮೆಟ್ಟಿಲುಗಳನ್ನು ಆಸ್ಟ್ರೇಲಿಯಾದ ಪಾಲ್ ಕ್ರೇಕ್ 2003ರಲ್ಲಿ 9 ನಿಮಿಷ 33 ಸೆಕೆಂಡಿನಲ್ಲಿ ಏರಿದರು. ಅವರ ಬಗ್ಗೆ ಗೌರವವಿದೆ, ಹೊಟ್ಟೆಕಿಚ್ಚಿಲ್ಲ. ಅಷ್ಟು ಅವಸರದಲ್ಲಿ ಹೋದರೆ ನಡುವೆ ನಿಂತು ಊರು ನೋಡುವುದು ಯಾವಾಗ?

ಹೊಸದಾಗಿ ಹತ್ತುವವರು ತಿಳಿದಿರಬೇಕಾದ ಸಂಗತಿ ಒಂದಿದೆ. ಮರುದಿನ ತೊಡೆ ಹಿಡಿದುಕೊಂಡು ಕುಂಟುವಂತೆ ಮಾಡುವುದು ಏರಿದ್ದಕ್ಕಿಂತ ಇಳಿದದ್ದು. ಇಳಿಯುವಾಗ ಶಕ್ತಿ ಬಹಳ ಕಡಿಮೆ ಸಾಕು, ಆದರೆ ತೊಡೆಯ ಸ್ನಾಯು ಪ್ರತಿ ಮೆಟ್ಟಿಲಿಗೂ ಹಿಗ್ಗುತ್ತಲೇ ಮೈಯ ಭಾರ ತಡೆಯಬೇಕು, ಮಂಡಿಯ ಮೇಲೂ ಒತ್ತಡ ಬೀಳುತ್ತದೆ. ಎದೆಯ ತೊಂದರೆ ಇರುವವರು ಮೊದಲು ಡಾಕ್ಟರನ್ನು ಕೇಳಿ. ಮಂಡಿ ನೋವಿನವರು ನಿಧಾನವಾಗಿ ಹತ್ತಿ, ಇಳಿಯಲು ಬಸ್ಸು ಹಿಡಿಯಿರಿ. ಬೆಟ್ಟದ ಮೇಲಿನಿಂದ ಊರೊಳಗಿನ ನಿಲ್ದಾಣಕ್ಕೆ ಸಿಟಿ ಬಸ್ಸುಗಳಿವೆ.