ಹಳೆಯ ಗೇಮಿಗೆ ಯಾವ ಸೌಂಡ್?

ಹಳೆಯ ಡಾಸ್ ಗೇಮಿನ ಸೆಟಪ್ ಪರದೆ ಮೊದಲೇ ಕೇಳುತ್ತದೆ: ಆಡ್‌ಲಿಬ್, ಸೌಂಡ್ ಬ್ಲಾಸ್ಟರ್, ರೋಲೆಂಡ್, ಜನರಲ್ ಮಿಡಿ, ಯಾವುದು ಬೇಕು? ದುಬಾರಿಯದ್ದೇ ಒಳ್ಳೆಯದು ಎಂದುಕೊಂಡರೆ ಕೆಟ್ಟಿರಿ. ಗೇಮ್ ಬಂದ ವರ್ಷ ನೋಡಿ.

ಮಿಡಿಯಲ್ಲಿ ಧ್ವನಿಯೇ ಇರುವುದಿಲ್ಲ. ಯಾವ ಸ್ವರ, ಎಷ್ಟು ಹೊತ್ತು, ಎಷ್ಟನೇ ನಂಬರಿನ ವಾದ್ಯ ಎಂಬ ಸೂಚನೆಯಷ್ಟೇ. ನುಡಿಸುವುದು ಸಾಧನದ ಕೆಲಸ. 1987ರ ರೋಲೆಂಡ್ ಎಂಟಿ-32ರಲ್ಲಿ ವಾದ್ಯಗಳ ನಂಬರೇ ಬೇರೆ, 1991ರಲ್ಲಿ ಬಂದ ಜನರಲ್ ಮಿಡಿಯಲ್ಲೇ ಬೇರೆ. ಹಾಗಾಗಿ 1993ರ ಡೂಮ್‌ನ ಸಂಗೀತವನ್ನು ಎಂಟಿ-32ಕ್ಕೆ ಕೊಟ್ಟರೆ ಗಿಟಾರ್ ಬರಬೇಕಾದ ಕಡೆ ಇನ್ನಾವುದೋ ವಾದ್ಯ ಕೇಳುತ್ತದೆ. ಅದಕ್ಕೆ ರೋಲೆಂಡ್‌ನದೇ ಎಸ್‌ಸಿ-55 ಸರಿ. 1988ರ ಕಿಂಗ್ಸ್ ಕ್ವೆಸ್ಟ್ 4ಕ್ಕಾದರೆ ಎಂಟಿ-32 ಬೇಕು.

ಆಡ್‌ಲಿಬ್ ಕಾರ್ಡಿನದು ಯಮಹಾ ಚಿಪ್, ಏಕಕಾಲಕ್ಕೆ 9 ದನಿ. ಕಮ್ಯುನಿಕೇಷನ್ ಪೇಪರಿನಲ್ಲಿ ನಾವು ಬಾಯಿಪಾಠ ಮಾಡುವ ಎಫ್‌ಎಂ ಇಲ್ಲಿ ಹಾಡುತ್ತದೆ! 1989ರ ಸೌಂಡ್ ಬ್ಲಾಸ್ಟರ್ ಅದೇ ಚಿಪ್ ಜೊತೆಗೆ ರೆಕಾರ್ಡ್ ಮಾಡಿದ ಮಾತು, ಗುಂಡಿನ ಸದ್ದನ್ನೂ ಕೇಳಿಸಿತು.

ಹಳೆಯ ಕಾರ್ಡಿಗೆ ದುಡ್ಡು ಸುರಿಯುವ ಮುನ್ನ ಯೋಚಿಸಿ: ಅದು ಕೂರುವ ಐಎಸ್‌ಎ ಸ್ಲಾಟ್ ಈಗಿನ ಪಿಸಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಉಚಿತವಾಗಿ ಸಿಗುವ ಡಾಸ್‌ಬಾಕ್ಸ್ ಆಡ್‌ಲಿಬ್, ಸೌಂಡ್ ಬ್ಲಾಸ್ಟರ್ ಎರಡನ್ನೂ ಅನುಕರಿಸುತ್ತದೆ. ಎಂಟಿ-32ಕ್ಕೆ ಮಂಟ್ ಇದೆ, ಆದರೆ ಅದಕ್ಕೆ ಮೂಲ ಸಾಧನದ ರಾಮ್ ಫೈಲುಗಳು ಬೇಕು, ಅವು ಉಚಿತವಲ್ಲ.