ವಿದ್ಯಾಲಯದ ಬೀದಿ: ಜ್ಞಾನಭಾರತಿಯ ನಿದರ್ಶನ

1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾಲಯವು 1973ರಲ್ಲಿ ಜ್ಞಾನಭಾರತಿಗೆ ಬಂದಾಗ, ಸಾವಿರ ಎಕರೆಗೂ ಮೀರಿದ ಆ ಆವರಣವು ಊರ ಹೊರಗಿದ್ದಿತು. ಅನಂತರ ನಗರವೇ ಬೆಳೆದು ಅದನ್ನು ಸುತ್ತುವರಿಯಿತು. ಮೈಸೂರು ರಸ್ತೆಗೂ ನಾಗರಭಾವಿಗೂ ನಡುವೆ ಓಡಾಡುವವರಿಗೆ ಆವರಣದ ಬೀದಿಯೇ ಹತ್ತಿರದ ದಾರಿಯಾಯಿತು. ತರಗತಿಯಿಂದ ಗ್ರಂಥಾಲಯಕ್ಕೆ ನಡೆಯುವವರ ಹಾದಿ, ಯಾರೂ ಹಾಗೆಂದು ತೀರ್ಮಾನಿಸದೆಯೇ, ಹೆದ್ದಾರಿಯ ಹೊರೆಯನ್ನು ಹೊತ್ತುಕೊಂಡಿತು. 2022ರ ಅಕ್ಟೋಬರಿನಲ್ಲಿ ಅಲ್ಲಿ ಬಸ್ಸಿನಡಿ ಸಿಲುಕಿದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಬದುಕಿ ಉಳಿಯಲಿಲ್ಲ. ಹೊರಗಿನ ವಾಹನಗಳನ್ನು ನಿಷೇಧಿಸಬೇಕೆಂದು ವಿದ್ಯಾರ್ಥಿಗಳು ಪ್ರತಿಭಟಿಸಿದರು.

ಆ ಬೇಡಿಕೆ ನ್ಯಾಯವಾದುದೇ. ಆದರೆ ನಿಷೇಧವೊಂದೇ ಸಾಲದೆಂಬುದು ನಮ್ಮ ಅಭಿಪ್ರಾಯ. ಹೊಸಹಳ್ಳಿ, ಕೊಟ್ಟೂರುಗಳಂಥ ಕಡೆಗಳಿಂದ ಓದಲು ಬರುವ ಬಡ ವಿದ್ಯಾರ್ಥಿಗೆ ಬಸ್ಸೇ ಗತಿಯಾದ್ದರಿಂದ ಅದು ಒಳಗೆ ಬಂದೇ ತೀರಬೇಕು. ತಗ್ಗಬೇಕಾದುದು ವೇಗ. ಚಲಿಸುವ ವಾಹನದ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗವನ್ನು 20ಕ್ಕೆ ಇಳಿಸಿದರೆ ಆ ಶಕ್ತಿ ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಫಲಕ ನೆಟ್ಟ ಮಾತ್ರಕ್ಕೆ ಇದು ಸಾಧಿಸದು. (ಫಲಕವನ್ನು ಓದಿ ನಡೆದುಕೊಳ್ಳುವ ಚಾಲಕರನ್ನು ನಾವು ಹೆಚ್ಚಾಗಿ ಕಂಡಿಲ್ಲ.) ವಾಹನಗಳ ಪಥವನ್ನು ಕಿರಿದುಗೊಳಿಸಿ, ಜನರು ದಾಟುವೆಡೆಯಲ್ಲಿ ನೆಲವನ್ನು ಕಾಲುಹಾದಿಯ ಮಟ್ಟಕ್ಕೆ ಎತ್ತರಿಸಬೇಕು. ಆಗ ಚಾಲಕನು ತಾನಾಗಿಯೇ ನಿಧಾನಿಸುವನು. ಗಾಲಿಕುರ್ಚಿಯಲ್ಲಿರುವವರೂ ಇಳಿಜಾರಿನ ತೊಡಕಿಲ್ಲದೆ ದಾಟುವರು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯು ಕಾಲುಹಾದಿಗೆ ಅಡೆತಡೆಯಿಲ್ಲದ 1.8 ಮೀಟರ್ ಅಗಲವನ್ನು ಕನಿಷ್ಠವೆಂದು ಹೇಳುತ್ತದೆ. ತರಗತಿ ಬಿಟ್ಟಾಗ ಗುಂಪುಗೂಡುವ ಬಸ್ಸು ನಿಲ್ದಾಣದ ಬಳಿ ಅಷ್ಟು ಸಾಲದು; ಕಾಯುವವರಿಗೆ ಪ್ರತ್ಯೇಕವಾದ ಸ್ಥಳವನ್ನೇ ಬಿಡಬೇಕಾಗುತ್ತದೆ.